‘ಇಂವ ಯಾರ ಶಿಷ್ಯ?’

ತತ್ವಪದಗಳು ನಮ್ಮ ಬ್ಲೂಸ್ ಎಂಬ ಮಾತನ್ನು ನಾನೂ ಹೇಳಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಚಾರಸಂಕಿರಣದಲ್ಲಿ, ಮೈಕಿನ ಮುಂದೆ ನಿಂತು, ಸಾಕಷ್ಟು ಆತ್ಮವಿಶ್ವಾಸದಿಂದಲೇ ಹೇಳಿದ್ದೆ. ಅಲ್ಲಿ ಮಿಸಿಸಿಪ್ಪಿಯ ಹತ್ತಿಹೊಲ, ಇಲ್ಲಿ ಆಳಂದ, ಜೇವರ್ಗಿ ಕಡೆಯ ತೊಗರಿಹೊಲ; ಅಲ್ಲಿ ಗಿಟಾರು, ಇಲ್ಲಿ ಏಕತಾರಿ; ಅಲ್ಲಿ ಕಪ್ಪು ಜನರ ನೋವು, ಇಲ್ಲಿ ಜಾತಿಯ ಏಟು ತಿಂದವರ ನೋವು. ಸಭೆ ಚಪ್ಪಾಳೆ ತಟ್ಟಿತು. ಇಂಥ ಹೋಲಿಕೆಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ. ಎರಡರಲ್ಲಿ ಒಂದನ್ನೂ ಸರಿಯಾಗಿ ಕೇಳದೆ ಅದನ್ನು ಒಪ್ಪಿಬಿಡಬಹುದು ನೋಡಿ, ಅದಕ್ಕೆ.

ಆ ಮಾತನ್ನು ನಾನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡದ್ದು ಒಂದು ಆಲ್ಬಮ್ ಕೇಳಿದ ಮೇಲೆ. ಅದು ಬ್ಲೂಸ್ ಆಲ್ಬಮ್ ಅಲ್ಲ, ತತ್ವಪದದ ಆಲ್ಬಮ್ ಅಂತೂ ಅಲ್ಲವೇ ಅಲ್ಲ. ಹೆಸರು ‘ಜ್ಯೋತಿ’. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಊರಿನ ಬಾವರ್ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾಗಿ, ಮ್ಯೂನಿಕ್‌ನ ಇಸಿಎಂ ಸಂಸ್ಥೆಯಿಂದ ಹೊರಬಂದದ್ದು. ನುಡಿಸಿದವರು, ಹಾಡಿದವರು ಒಟ್ಟು ಐದು ಮಂದಿ. ನಾಲ್ವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು: ಗಾಯನ ಮತ್ತು ತಂಬೂರಿ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲು ಆರ್.ಎ. ರಾಜಗೋಪಾಲ್, ಖಂಜಿರ ಮತ್ತು ಕೊನ್ನಕ್ಕೋಲು ಟಿ.ಎನ್. ಶಶಿಕುಮಾರ್. ಐದನೆಯವರು ಅಮೆರಿಕದ ಬಾಸ್ಟನ್ನಿನ ಚಾರ್ಲಿ ಮರಿಯಾನೊ. ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಅವರದು.

ಬಹಳ ದಿನ ನನಗೆ ಈ ಆಲ್ಬಮ್ಮಿನ ಹೆಸರಷ್ಟೇ ಗೊತ್ತಿತ್ತು. ಇಸಿಎಂನವರು 2017ರ ನವೆಂಬರ್‌ವರೆಗೆ ತಮ್ಮ ಸಂಗೀತವನ್ನು ಸ್ಟ್ರೀಮಿಂಗ್‌ಗೆ ಬಿಟ್ಟಿರಲಿಲ್ಲ. ಎಲ್‌ಪಿಯಾಗಲಿ ಸಿಡಿಯಾಗಲಿ ಕೊಂಡು ತರುವ ಅನುಕೂಲ ಮಾದನಹಿಪ್ಪರಗಾದಂಥ ಊರಿನಲ್ಲಿ ಯಾರಿಗಿತ್ತು? ಕೊನೆಗೆ ಕೇಳಿದ್ದು ಮಾಳಿಗೆ ಮೇಲೆ ಕೂತು, ಮೊಬೈಲಿನಲ್ಲಿ, ಒಂದೇ ಕಿವಿಗೆ ಕೆಲಸ ಮಾಡುವ ಇಯರ್‌ಫೋನಿನಲ್ಲಿ. ಅಷ್ಟರಲ್ಲೂ ಅದು ಮುಟ್ಟಿತು.

ಮೊದಲು ಬ್ಲೂಸ್ ಎಂದರೇನು ಎಂಬುದನ್ನು ನಮ್ಮ ಮಾತಿನಲ್ಲೇ ಹೇಳಿಕೊಳ್ಳುವುದು ಒಳ್ಳೆಯದು. ನೋವಿನ ಹಾಡು ಎಂದರೆ ಸಾಲದು. ನೋವಿನ ಹಾಡು ಎಲ್ಲ ಊರಲ್ಲೂ ಇದೆ. ಬ್ಲೂಸ್‌ನ ಸಾಮಾನ್ಯ ಚೌಕಟ್ಟು ಹನ್ನೆರಡು ಬಾರ್‌ಗಳ ಒಂದು ಸುತ್ತು. ಒಂದು ಸಾಲು ಹಾಡಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು, ಸುತ್ತು ಮುಗಿದು ಮನೆಗೆ ಬರುವುದು, ಮತ್ತೆ ಹೊರಡುವುದು. ಆದರೆ ಚೌಕಟ್ಟಿಗಿಂತ ಮುಖ್ಯವಾದದ್ದು ಸ್ವರದ ಜಾಗ. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರ ಎಂದು ಎರಡು ಗಾಂಧಾರಗಳಿವೆಯಲ್ಲ, ಬ್ಲೂಸ್ ಹಾಡುಗಾರ ಆ ಎರಡರ ನಡುವಿನ ಓಣಿಯಲ್ಲಿ ನಿಂತುಕೊಳ್ಳುತ್ತಾನೆ. ಅಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ, ತೂಗಾಡುತ್ತಾನೆ. ಪಿಯಾನೊದಲ್ಲಿ ಆ ಓಣಿಗೆ ಮನೆಯೇ ಇಲ್ಲ. ಅದಕ್ಕೇ ಬ್ಲೂಸ್ ಪಿಯಾನೊದವರು ಪಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೇ ಜಜ್ಜಿದಂತೆ ಒತ್ತಿ, ನಡುವಿನ ಸ್ವರ ಕೇಳಿಸಿತೇನೋ ಎಂಬ ಭ್ರಮೆ ಹುಟ್ಟಿಸುತ್ತಾರೆ.

ಇದನ್ನು ಓದುವಾಗ ನನಗೆ ನಮ್ಮೂರ ಭಜನೆಯ ಹಾರ್ಮೋನಿಯಂ ನೆನಪಾಗದೆ ಇರುತ್ತದೆಯೇ? ಪೆಟ್ಟಿಗೆಯ ಮನೆಗಳು ಎಲ್ಲಿವೆಯೋ ಅಲ್ಲಿವೆ. ಹಾಡುವವನ ದನಿ ಮಾತ್ರ ಆ ಮನೆಗಳ ಸಂದಿಯಲ್ಲಿ ನುಸುಳಿ ಹೋಗುತ್ತಿರುತ್ತದೆ, ಪೆಟ್ಟಿಗೆ ಹಿಂದಿನಿಂದ ಓಡಿ ಬರುತ್ತಿರುತ್ತದೆ. (ಗಮಕ ಬಾರದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟು, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಆ ಮೂರು ದಶಕ ನಮ್ಮ ಭಜನೆಗಳು ಆ ಪೆಟ್ಟಿಗೆಯನ್ನೇ ನೆಚ್ಚಿಕೊಂಡು ಹಾಡಿದವು. ಯಾರ ಕಿವಿ ಸರಿ ಎಂಬ ಜಗಳ ಇಲ್ಲಿ ಬೇಡ.) ವಿಚಾರಸಂಕಿರಣದಲ್ಲಿ ನಾನು ಹೇಳಬೇಕಾಗಿದ್ದ ಹೋಲಿಕೆ ಇದು. ಹೊಲ, ನೋವು, ಬಡತನ ಎಲ್ಲ ಆಮೇಲೆ. ಎರಡು ಸ್ವರಗಳ ನಡುವಿನ ಜಾಗವನ್ನು ಬಿಟ್ಟುಕೊಡಲು ಒಪ್ಪದ ಕಂಠಗಳು ಇವು ಎಂದಿದ್ದರೆ ಸಾಕಾಗಿತ್ತು.

ಈಗ ಮರಿಯಾನೊ. 1923ರಲ್ಲಿ ಇಟಲಿಯಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದವರು. ಬಾಸ್ಟನ್ನಿನಲ್ಲಿ ಓದಿದ ಸಂಗೀತಶಾಲೆ ಮುಂದೆ ಬರ್ಕ್ಲಿ ಎಂದು ಹೆಸರಾಯಿತು, ಅಲ್ಲೇ ಪಾಠವನ್ನೂ ಮಾಡಿದರು. ಸ್ಟ್ಯಾನ್ ಕೆಂಟನ್ ವಾದ್ಯವೃಂದದಲ್ಲಿ ಹೆಸರು ಮಾಡಿದರು. ಅವರನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದರೆ ‘ಜ್ಯೋತಿ’ಗಿಂತ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. 1963ರ ಜನವರಿಯಲ್ಲಿ ಚಾರ್ಲ್ಸ್ ಮಿಂಗಸ್ ನ್ಯೂಯಾರ್ಕಿನಲ್ಲಿ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಮುದ್ರಿಸಿದರು. ಹನ್ನೊಂದು ಜನರ ತಂಡ. ಆಲ್ಬಮ್ಮಿನ ಹೊದಿಕೆಗೆ ಒಂದು ಟಿಪ್ಪಣಿಯನ್ನು ತನ್ನ ಮನೋಚಿಕಿತ್ಸಕರಿಂದ ಬರೆಸಿದ ಮನುಷ್ಯ ಮಿಂಗಸ್. ಆ ತಂಡದಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಮರಿಯಾನೊ ಅವರದು. ಅವರ ಕೆಲವು ಭಾಗಗಳನ್ನು ಆಮೇಲೆ ಪ್ರತ್ಯೇಕವಾಗಿ ನುಡಿಸಿ ಮೇಲಿನಿಂದ ಸೇರಿಸಲಾಯಿತು. ಕೇಳಿ ನೋಡಿ. ಇಡೀ ವೃಂದ ಕುದಿಯುತ್ತಿರುವ ಕಡಾಯಿ, ಅದರ ಮೇಲೆ ಒಬ್ಬನೇ ಎದ್ದು ನಿಂತು ಗೋಗರೆಯುವ ಆಲ್ಟೊ. ಬ್ಲೂಸ್‌ನ ಆ ಗಾಂಧಾರ ಅಲ್ಲಿ ಅಳುತ್ತದೆ, ತೊದಲುತ್ತದೆ, ಕೆಲವೊಮ್ಮೆ ಅತಿಯೂ ಆಗುತ್ತದೆ. ನನಗಂತೂ ಎರಡನೇ ಮಗ್ಗುಲಿಗೆ ಬರುವಷ್ಟರಲ್ಲಿ ಸ್ವಲ್ಪ ಸುಸ್ತು. ಆದರೆ ಆ ಅಳು ನಟನೆಯಲ್ಲ ಎಂಬುದರಲ್ಲಿ ಅನುಮಾನವಿಲ್ಲ.

ಅಂಥ ಅಳುವನ್ನು ಕಲಿತವನು ಮುಂದೆ ಏನು ಮಾಡಬೇಕು? ಜೀವನವಿಡೀ ಅದನ್ನೇ ಮಾರಬಹುದಿತ್ತು. ಮರಿಯಾನೊ 1960ರ ದಶಕದ ಉತ್ತರಾರ್ಧದಲ್ಲಿ ರೇಡಿಯೊ ವಾದ್ಯವೃಂದದ ಕೆಲಸಕ್ಕೆಂದು ಮಲೇಷ್ಯಾಕ್ಕೆ ಹೋದರು, ಅಲ್ಲಿ ನಾಗಸ್ವರ ಕಿವಿಗೆ ಬಿತ್ತು. ಆಮೇಲೆ ದಕ್ಷಿಣ ಭಾರತಕ್ಕೇ ಬಂದು ಕೂತು ಕಲಿತರು. 1975ರಲ್ಲಿ ಮುದ್ರಣವಾದ ಎಬರ್‌ಹಾರ್ಡ್ ವೇಬರ್ ಅವರ ‘ಯೆಲ್ಲೊ ಫೀಲ್ಡ್ಸ್’ ಆಲ್ಬಮ್ಮಿನಲ್ಲಿ ಮರಿಯಾನೊ ಹೆಸರಿನ ಮುಂದೆ ಸೊಪ್ರಾನೊ ಸ್ಯಾಕ್ಸೊಫೋನ್ ಜೊತೆಗೆ ಶಹನಾಯಿ, ನಾಗಸ್ವರ ಎಂದೂ ಇದೆ. ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕನ್ನಡಿಗರು ಕೇಳಿ ಬೆರಗಾದದ್ದು 1977ರಲ್ಲಿ. ಆ ಹೊತ್ತಿಗೆ ಈ ಬಾಸ್ಟನ್ನಿನವರು ಜರ್ಮನಿಯ ಸ್ಟುಡಿಯೊದಲ್ಲಿ ಸನಾದಿ ಊದಿ ಮುಗಿಸಿದ್ದರು.

ವಾದ್ಯದ ವಿಷಯ ಸ್ವಲ್ಪ ಹೇಳಲೇಬೇಕು. ‘ಜ್ಯೋತಿ’ಯ ಗುಟ್ಟು ಅರ್ಧ ಅಲ್ಲಿದೆ. ನಾಗಸ್ವರದವನು ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಿ, ಕಾಲು ಮುಚ್ಚಿ, ಉಸಿರಿನ ಒತ್ತಡ ಬದಲಿಸಿ ಸ್ವರವನ್ನು ಎಳೆಯಬಲ್ಲ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ಸಂಬಂಧವಿಲ್ಲ. ನಡುವೆ ಕೀಲಿ, ಅದರ ತುದಿಗೊಂದು ಮುಚ್ಚಳ. ಮುಚ್ಚಿದರೆ ಪೂರ್ತಿ, ತೆರೆದರೆ ಪೂರ್ತಿ. ಹಾಗಾಗಿ ಗಮಕ ಬರಬೇಕಾದರೆ ತುಟಿ, ದವಡೆ, ಗಂಟಲು ಇವುಗಳಿಂದಲೇ ಬರಬೇಕು. ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಿಂದ ಬಂದು ಇದೇ ತೊಡಕನ್ನು ತಮ್ಮದೇ ರೀತಿಯಲ್ಲಿ ಗೆದ್ದರು. ಮರಿಯಾನೊ ಬಂದದ್ದು ಎದುರು ದಿಕ್ಕಿನಿಂದ. ತುಟಿಯಿಂದ ಸ್ವರ ಬಗ್ಗಿಸುವ ವಿದ್ಯೆ ಅವರಿಗೆ ಬ್ಲೂಸ್‌ನಿಂದಲೇ ಬಂದಿತ್ತು, ಅದನ್ನು ನಾಗಸ್ವರದ ದಾರಿಗೆ ತಿರುಗಿಸಿಕೊಂಡರು. ಅವರ ಸೊಪ್ರಾನೊ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಇದು ಗಮಕವೋ ಬ್ಲೂಸಿನ ಬಾಗೋ ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಹೇಳಲಾಗದೆ ಇರುವುದೇ ಕೇಳುವುದರ ಸುಖ.

ಆದರೆ ಈ ಆಲ್ಬಮ್ಮಿನ ದೊಡ್ಡ ನಿರ್ಧಾರ ವಾದ್ಯದ್ದಲ್ಲ. ಮೇಲಿನ ಐದು ಹೆಸರುಗಳನ್ನು ಇನ್ನೊಮ್ಮೆ ನೋಡಿ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬಾಸ್ ಇಲ್ಲ, ಡ್ರಮ್‌ಸೆಟ್ ಇಲ್ಲ. ಜಾಝ್ ಕಲಾವಿದನೊಬ್ಬ ನಲವತ್ತು ವರ್ಷ ದುಡಿದು ಸಂಪಾದಿಸಿದ ಆಸ್ತಿ ಎಂದರೆ ಕಾರ್ಡುಗಳ ಜ್ಞಾನ. ಕೆಳಗೆ ಕಾರ್ಡು ಬದಲಾದಂತೆ ಮೇಲೆ ಸ್ವರಗಳಿಗೆ ಹೊಸ ಅರ್ಥ ಬರುವುದೇ ಆ ಸಂಗೀತದ ಚದುರಂಗ. ‘ಜ್ಯೋತಿ’ಯಲ್ಲಿ ಆ ಮಣೆಯನ್ನೇ ಎತ್ತಿಟ್ಟಿದ್ದಾರೆ. ಕೆಳಗಿರುವುದು ತಂಬೂರಿಯ ಷಡ್ಜ ಒಂದೇ. ಐವತ್ತೊಂಬತ್ತರ ವಯಸ್ಸಿನಲ್ಲಿ ಒಬ್ಬ ಮನುಷ್ಯ ತನಗೆ ಚೆನ್ನಾಗಿ ಬರುವುದನ್ನೆಲ್ಲ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬಂದಿದ್ದಾನೆ. ಬಿಟ್ಟು ಬರಲಾಗದ್ದು ಒಂದೇ, ಆ ಬಾಗಿದ ಗಾಂಧಾರ.

ಇದರಿಂದ ಅವರು ಬ್ಲೂಸ್ ಬಿಟ್ಟು ದೂರ ಹೋದರು ಎನ್ನುವಂತಿಲ್ಲ. ಬ್ಲೂಸ್‌ನ ಹಳೆಯ ಮನೆ ಇಂಥದ್ದೇ ಇತ್ತು. ಜಾನ್ ಲೀ ಹೂಕರ್ ಒಂದೇ ಕಾರ್ಡಿನ ಮೇಲೆ, ಕಾಲಿನಿಂದ ನೆಲ ಕುಟ್ಟುತ್ತ, ಇಡೀ ಹಾಡು ಕಟ್ಟಬಲ್ಲವರಾಗಿದ್ದರು. ಏಕತಾರಿಯ ಒಂದೇ ತಂತಿಯ ಕೆಳಗೆ ಬೆಳೆದ ನಮ್ಮ ಕಿವಿಗೆ ಹನ್ನೆರಡು ಬಾರ್‌ನ ಬ್ಲೂಸ್‌ಗಿಂತ ಹೂಕರ್ ಬೇಗ ಹತ್ತಿರವಾಗುತ್ತಾರೆ.

ಆರು ಭಾಗಗಳಲ್ಲಿ ಮೊದಲನೆಯದು ‘ವಾಯ್ಸ್ ಸೋಲೊ’. ಹೆಸರೇ ಹೇಳುವಂತೆ ಅದು ರಮಾಮಣಿಯವರ ದನಿ. ಮುಖಪುಟದಲ್ಲಿ ಮೊದಲು ಅಚ್ಚಾದ ಹೆಸರು ಚಾರ್ಲಿ ಮರಿಯಾನೊ, ಅವರು ಮೊದಲ ಭಾಗದಲ್ಲಿ ಇಲ್ಲ! ತಮ್ಮ ಹೆಸರಿನ ಆಲ್ಬಮ್ಮಿನ ಬಾಗಿಲಲ್ಲಿ ಅವರು ಬೇರೆಯವರನ್ನು ಮುಂದೆ ಬಿಟ್ಟು ನಿಂತಿದ್ದಾರೆ. ಮಾರುಕಟ್ಟೆಗಾಗಿ ಹೆಸರು ಮೊದಲಿಟ್ಟುಕೊಂಡು, ಸಂಗೀತದಲ್ಲಿ ಜಾಗ ಬಿಟ್ಟುಕೊಟ್ಟದ್ದು ಉದಾರತೆಯೋ, ಅಥವಾ ಬೆಂಗಳೂರಿನ ಹೆಣ್ಣುಮಗಳೊಬ್ಬಳ ಹೆಸರು ಮುಖಪುಟದಲ್ಲಿ ಬಾರದೆ ಒಂದು ಕಾಲೇಜಿನ ಹೆಸರಲ್ಲಿ ಕರಗಿಹೋದದ್ದು ಅನ್ಯಾಯವೋ? ನನಗೆ ಎರಡೂ ನಿಜ ಅನಿಸುತ್ತದೆ. ಎರಡನೆಯದು ಹೆಚ್ಚು ಚುಚ್ಚುತ್ತದೆ. ಈ ಆಲ್ಬಮ್ಮನ್ನು ಎತ್ತಿ ಹಿಡಿದಿರುವುದು ರಮಾಮಣಿ. ಕರ್ನಾಟಕ ಸಂಗೀತದ ಶಿಸ್ತಿನ ದನಿ. ಆದರೆ ಕಚೇರಿಯ ಅವಸರವಿಲ್ಲ, ಪಲ್ಲವಿ ಮುಗಿಸಿ ತನಿಗೆ ಬಿಡಬೇಕು ಎಂಬ ಗಡಿಯಾರವಿಲ್ಲ. ಸಾಹಿತ್ಯಕ್ಕಿಂತ ಹೆಚ್ಚಾಗಿ ಸ್ವರ, ಆಕಾರಗಳೇ ಇಲ್ಲಿ ಮಾತಾಡುತ್ತವೆ. ಸ್ಯಾಕ್ಸೊಫೋನ್ ಆ ದನಿಯ ಪಕ್ಕಕ್ಕೆ ಬಂದಾಗ ಹಿಂದಿನಿಂದ ನೆರಳಿನಂತೆ ಬರುತ್ತದೆ, ಕೆಲವು ಕಡೆ ಜೊತೆಗೇ ನಡೆಯುತ್ತದೆ. ಮಿಂಗಸ್ ತಂಡದ ಮೇಲೆ ಎದ್ದು ನಿಂತು ಗೋಗರೆದ ಅದೇ ಮನುಷ್ಯ ಇವರು ಎಂದು ನೆನೆದರೆ ಆ ತಗ್ಗಿದ ದನಿಗೆ ಬೇರೆಯೇ ತೂಕ ಬರುತ್ತದೆ.

ತಾಳವಾದ್ಯದವರ ಬಗ್ಗೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ ಇದು, ಪಕ್ಕವಾದ್ಯದವರಿಗೂ ಒಂದು ಸ್ವಂತ ಮನೆ ಬೇಕು ಎಂಬ ಹಟ ಅದರ ಹೆಸರಿನಲ್ಲೇ ಇದೆ. ಈ ಮುದ್ರಣಕ್ಕೂ ಮೊದಲೇ ಅವರು ಜರ್ಮನರೊಂದಿಗೆ ಪಳಗಿದ್ದರು. ಡಿಸಿಡೆಂಟನ್ ತಂಡದ ‘ಜರ್ಮನಿಸ್ತಾನ್’ (1982) ಆಲ್ಬಮ್ಮಿನಲ್ಲಿ ಈ ಕಾಲೇಜಿನವರೇ ಇದ್ದಾರೆ. ಆದರೆ ಅಲ್ಲಿಯ ಗದ್ದಲ ಇಲ್ಲಿಲ್ಲ. ನಾಗಸ್ವರದ ಜೋಡಿ ಎಂದರೆ ಡೋಲು, ತವಿಲು. ಬಯಲಿಗೆ, ಮೆರವಣಿಗೆಗೆ ಹೇಳಿಸಿದ್ದು. ‘ಜ್ಯೋತಿ’ಯಲ್ಲಿ ನಾಗಸ್ವರದ ಗುಣದ ಸ್ಯಾಕ್ಸೊಫೋನಿಗೆ ಕೋಣೆಯೊಳಗಿನ ಮೃದಂಗ, ಮಣ್ಣಿನ ಘಟ, ಒಂದೇ ಗೆಜ್ಜೆಯಷ್ಟು ಖಂಜಿರ ಜೊತೆಯಾಗಿವೆ. ಹೀಗಾಗಿ ಊದುವವನು ತನ್ನ ದನಿಯನ್ನು ತಗ್ಗಿಸಲೇಬೇಕು, ತಗ್ಗಿಸದಿದ್ದರೆ ಘಟ ಕೇಳಿಸುವುದೇ ಇಲ್ಲ. ಕೊನ್ನಕ್ಕೋಲಿನ ತಕಧಿಮಿಗಳು ಬಂದಾಗ ಎರಡು ಕಂಠಗಳು ಕೈಯಿಂದ ಬಾರಿಸುವುದನ್ನು ಬಾಯಿಂದ ಆಡುತ್ತವೆ. ಬ್ಲೂಸ್‌ನವನಿಗೆ ಸುತ್ತು ಮುಗಿಯಿತೆಂದು ಕಾರ್ಡು ಹೇಳುತ್ತದೆ, ಇಲ್ಲಿ ಅದನ್ನು ಎಣಿಕೆಯೇ ಹೇಳಬೇಕು. ಮರಿಯಾನೊ ಸಮಕ್ಕೆ ಬಂದು ಇಳಿಯುವಾಗ ಬೆವರು ಒರೆಸಿಕೊಂಡಂತೆ ಅನಿಸುತ್ತದೆಯೇ ಹೊರತು ಜಾಣತನ ತೋರಿದಂತೆ ಅನಿಸುವುದಿಲ್ಲ.

ನನ್ನ ತಕರಾರು ಧ್ವನಿಮುದ್ರಣದ ಬಗ್ಗೆ. ಇಸಿಎಂ ಶಬ್ದ ಎಂದು ಜಗತ್ತೇ ಹೊಗಳುವ ಆ ಮಂಜು ಮುಸುಕಿದ ಪ್ರತಿಧ್ವನಿ ಇಲ್ಲೂ ಇದೆ. ಯುರೋಪಿನ ಇಗರ್ಜಿಯೊಂದರಲ್ಲಿ ಮೃದಂಗ ಬಾರಿಸಿದರೆ ಹೀಗೆ ಕೇಳುತ್ತಿತ್ತೇನೋ. ಎಡಗೈಯ ತೊಪ್ಪಿಗೆ ಹಚ್ಚಿದ ಹಿಟ್ಟಿನ ಹಸಿತನ, ಬೆರಳು ಚರ್ಮಕ್ಕೆ ಬಡಿದ ಆ ಒರಟು ಸದ್ದು ನನಗೆ ಇನ್ನಷ್ಟು ಬೇಕಿತ್ತು. ತಗಡಿನ ಚಪ್ಪರದ ಕೆಳಗೆ, ಮೈಕು ಕಿರುಚುವ ಭಜನೆ ಕೇಳಿ ಬೆಳೆದವನ ಚಪಲವಿರಬಹುದು ಇದು.

ಇಂಥ ಕೂಡಾಟಗಳಲ್ಲಿ ಇನ್ನೊಂದನ್ನು ಹೆಸರಿಸದೆ ಇರಲಾರೆ. ಕರ್ನಾಟಕದ ತಂದೆತಾಯಿಯರ ಮಗ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಬರ್ಕ್ಲಿಯಲ್ಲಿ ಓದುವಾಗ ಅಣ್ಣ ತಮಾಷೆಗೆಂದು ಅವರಿಗೊಂದು ಆಲ್ಬಮ್ ಕೊಟ್ಟರಂತೆ: ಕದ್ರಿ ಗೋಪಾಲನಾಥರದು. ತಮಾಷೆ ತಿರುಗಿಬಿತ್ತು. 2008ರಲ್ಲಿ ಅವರಿಬ್ಬರೂ ಸೇರಿ ‘ಕಿನ್ಸ್‌ಮನ್’ ಮಾಡಿದರು. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರು, ಬಾಸು, ಡ್ರಮ್ಮು. ರೋಮಾಂಚನದ ಆಲ್ಬಮ್ ಅದು, ಎರಡು ಆಲ್ಟೊಗಳು ಎದುರುಬದುರು ಕೂತು ಸವಾಲು ಹಾಕಿಕೊಳ್ಳುತ್ತವೆ. ಮರಿಯಾನೊ ಕಲಿಸಿದ ಅದೇ ಸಂಗೀತಶಾಲೆಯಿಂದ ಬಂದ ಕನ್ನಡದ ಮನೆಯ ಹುಡುಗನಿಗೆ ಆ ರಾಗಗಳು ಮರಿಯಾನೊಗಿದ್ದಷ್ಟೇ ದೂರದವು ಎಂಬುದು ನನಗೆ ಬಹಳ ಯೋಚನೆಗೆ ಹಚ್ಚಿದ ಸಂಗತಿ. ಆದರೂ ‘ಕಿನ್ಸ್‌ಮನ್’ನಲ್ಲಿ ಯಾರೂ ಏನನ್ನೂ ಹೊರಗೆ ಬಿಟ್ಟು ಬಂದಿಲ್ಲ, ಎಲ್ಲರೂ ಎಲ್ಲವನ್ನೂ ಹೊತ್ತು ತಂದಿದ್ದಾರೆ. ನಾನು ಅದನ್ನು ಮೆಚ್ಚುತ್ತೇನೆ. ಮತ್ತೆ ಮತ್ತೆ ಕೇಳುವುದು ‘ಜ್ಯೋತಿ’ಯನ್ನು.

ಒಂದು ಸಂಜೆ ಇದನ್ನು ನಮ್ಮೂರಿನ ಹಿರಿಯ ಪದಕಾರರೊಬ್ಬರಿಗೆ ಕೇಳಿಸಿದೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಅಮಾವಾಸ್ಯೆಯ ರಾತ್ರಿಗಳಲ್ಲಿ ಬೆಳತನಕ ಹಾಡುವವರು. ಕಣ್ಣು ಮುಚ್ಚಿ ಕೂತರು. ರಮಾಮಣಿಯವರ ದನಿಗೆ ‘ಛಲೋ ಅದ’ ಎಂದು ತಲೆಯಾಡಿಸಿದರು. ಘಟ, ಮೃದಂಗಗಳು ಬಂದಾಗ, ‘ಒಬ್ಬರದೊಬ್ಬರು ಕೇಳಲತ್ತಾರ’ ಎಂದರು. ನಾನು ಪುಟಗಟ್ಟಲೆ ಬರೆಯುವುದನ್ನು ಅವರು ಎರಡೇ ಶಬ್ದದಲ್ಲಿ ಮುಗಿಸಿದರು. ಸ್ಯಾಕ್ಸೊಫೋನ್ ಬಂತು. ತುಸು ಹೊತ್ತು ಸುಮ್ಮನಿದ್ದು ಕೇಳಿದರು: ‘ಇಂವ ಯಾರ ಶಿಷ್ಯ?’

ಯಾವ ದೇಶದವನು ಎಂದು ಕೇಳಲಿಲ್ಲ, ಅದು ಯಾವ ವಾದ್ಯ ಎಂದೂ ಕೇಳಲಿಲ್ಲ. ಅವರ ಲೋಕದಲ್ಲಿ ಮೊದಲ ಪ್ರಶ್ನೆಯೇ ಅದು. ಮಡಿವಾಳಪ್ಪ ತನ್ನ ಪದಗಳಿಗೆ ಗುರು ಮಹಾಂತನ ಅಂಕಿತ ಇಟ್ಟವರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಬ ಇದ್ದರು, ಖೈನೂರ ಕೃಷ್ಣಪ್ಪ ಇದ್ದರು, ತೆಲುಗಬಾಳ ರೇವಪ್ಪ ಇದ್ದರು. ಹುಟ್ಟಿದ ಮನೆ ಬೇರೆ ಬೇರೆ. ಕೂತ ಜಾಗ ಒಂದೇ. ಆ ಪ್ರಶ್ನೆಗೆ ನಾನು ಮಿಂಗಸ್ ಹೆಸರು ಹೇಳಬೇಕೋ, ನಾಗಸ್ವರ ಕಲಿಸಿದವರನ್ನು ನೆನೆಯಬೇಕೋ, ರಮಾಮಣಿಯವರನ್ನು ತೋರಿಸಬೇಕೋ ತಿಳಿಯಲಿಲ್ಲ. ‘ಆಕೀದೇ ಶಿಷ್ಯ ಅಂತ ಅನ್ಕೋರಿ’ ಎಂದುಬಿಟ್ಟೆ. ಅವರು ನಕ್ಕರು, ‘ಹಂಗೇ ಕೇಳ್ತದ’ ಎಂದರು.

ಕೊನೆಯ ಭಾಗದ ಹೆಸರು ‘ಭಜನ್’ ಎಂದು ನಾನೇ ಉತ್ಸಾಹದಿಂದ ಹೇಳಿದೆ. ಅವರು ನೆಟ್ಟಗೆ ಕೂತರು. ಪೂರ್ತಿ ಕೇಳಿದರು. ಮುಗಿದ ಮೇಲೆ ಮೊಬೈಲನ್ನು ನನ್ನ ಕೈಗೆ ಕೊಡುತ್ತ, ‘ಹಾಡ್ಯಾಳ ಖರೆ, ಪದ ಎಲ್ಲದ?’ ಎಂದರು.

ಪದ ಎಂದರೆ ಅವರಿಗೆ ಚುಚ್ಚುವ ಮಾತು, ಒಗಟು, ಕೇಳುವವನನ್ನು ನಿದ್ದೆಯಿಂದ ಎಬ್ಬಿಸುವ ಬೈಗುಳ. ಬ್ಲೂಸ್‌ಗೂ ಅದಿದೆ, ಜೈಲು, ಮನೆಬಾಡಿಗೆ, ಬಿಟ್ಟುಹೋದ ಹೆಂಡತಿ, ನೆರೆಬಂದ ಹೊಳೆ ಎಲ್ಲವೂ ಅಲ್ಲಿ ಹೆಸರು ಹಿಡಿದು ಬರುತ್ತವೆ. ‘ಜ್ಯೋತಿ’ಯಲ್ಲಿ ಎರಡೂ ಕಡೆಯ ಸ್ವರ ಬಂದಿದೆ, ಯಾವ ಕಡೆಯ ಮಾತೂ ಬಂದಿಲ್ಲ. ನಾನು ಇದನ್ನು ಕೊರತೆ ಎಂದು ಎಂದೂ ಎಣಿಸಿರಲಿಲ್ಲ. ಅವರು ಕೇಳಿದ ಮೇಲೆ, ಆ ಕೊನೆಯ ಭಾಗಕ್ಕೆ ಬಂದಾಗಲೆಲ್ಲ ಸ್ಯಾಕ್ಸೊಫೋನಿನ ಹಿಂದೆ ಒಂದು ಸಾಲು ಎಲ್ಲಾದರೂ ಕೇಳಿಸೀತೇ ಎಂದು ಕಿವಿ ಚಾಚುತ್ತೇನೆ.